ಹಿಮಖಂಡದಲ್ಲೊಂದು ಕೊಳಚೆ ನೀರಿನ ಘಟಕ

ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆಂದು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಚರಂಡಿ, ಕಾಲುವೆ, ಕೆರೆ - ಹೀಗೆ ಎಲ್ಲೋ ಅದು ಕಣ್ಮರೆಯಾಗುತ್ತದೆ. ಸುತ್ತಲೂ ಹಿಮ, ಬಂಡೆ ಮತ್ತು ಹೆಪ್ಪುಗಟ್ಟಿದ ಕಡಲು ಮಾತ್ರ ಇರುವ ಜಾಗದಲ್ಲಿ ಸಾವಿರ ಜನ ವಾಸಿಸಿದರೆ ಏನಾದೀತು?

ಅಂಟಾರ್ಕ್ಟಿಕದ ರಾಸ್ ದ್ವೀಪದಲ್ಲಿರುವ ಅಮೆರಿಕದ ಮೆಕ್‌ಮರ್ಡೋ ಕೇಂದ್ರ ಅಂಥದೊಂದು ಪುಟ್ಟ ಊರು. ಅಲ್ಲಿ ಬೇಸಗೆಯಲ್ಲಿ ಸುಮಾರು ಸಾವಿರ ಜನರಿದ್ದರೆ, ಸೂರ್ಯನೇ ಕಾಣದ ಚಳಿಗಾಲದಲ್ಲಿ ಇನ್ನೂರರಷ್ಟು ಮಾತ್ರ. 2003ರವರೆಗೆ ಅಲ್ಲಿಯ ಕೊಳಚೆಯನ್ನು ಅರೆದು ನೇರವಾಗಿ ಸಮುದ್ರಕ್ಕೆ ಬಿಡಲಾಗುತ್ತಿತ್ತು. 1991ರ ಮ್ಯಾಡ್ರಿಡ್ ಒಡಂಬಡಿಕೆಯ ನಿಯಮಕ್ಕೆ ಇದು ವಿರುದ್ಧವಾಗಿರಲಿಲ್ಲ. ಬೇಸಗೆಯಲ್ಲಿ ಸುಮಾರು 30ಕ್ಕಿಂತ ಹೆಚ್ಚು ಜನರಿರುವ ಕೇಂದ್ರಗಳು ಕೊಳಚೆಯನ್ನು ಕನಿಷ್ಠಪಕ್ಷ ಅರೆದು ಬಿಡಬೇಕು ಎಂದಷ್ಟೇ ಅದು ಹೇಳುತ್ತದೆ.

ಅರೆದರೆ ಕೊಳಚೆಯ ತುಂಡುಗಳು ಸಣ್ಣದಾಗುತ್ತವೆಯೇ ಹೊರತು ಕಶ್ಮಲ ಕಡಿಮೆಯಾಗುವುದಿಲ್ಲ. ಅಲ್ಲಿಯ ಕಡಲ ನೀರಿನ ಉಷ್ಣತೆ ಸುಮಾರು -1.8 ಡಿಗ್ರಿ ಸೆಲ್ಸಿಯಸ್. ಇಷ್ಟು ಚಳಿಯಲ್ಲಿ ಸಾವಯವ ವಸ್ತು ಕೊಳೆಯುವುದು ಬಹು ನಿಧಾನ. ಕೊಳವೆಯ ಬಾಯಿಯ ಸುತ್ತ ಕಡಲ ತಳದ ಜೀವಿ ವೈವಿಧ್ಯ ಕುಗ್ಗಿ, ಮಾಲಿನ್ಯ ಸಹಿಸಬಲ್ಲ ಕೆಲವೇ ಬಗೆಯ ಹುಳುಗಳು ಮೇಲುಗೈ ಪಡೆದಿದ್ದವು. ಮನುಷ್ಯನ ಕರುಳಿನ ಬ್ಯಾಕ್ಟೀರಿಯಗಳು ಕುಡಿಯುವ ನೀರಿಗಾಗಿ ಕಡಲ ನೀರನ್ನು ಎಳೆದುಕೊಳ್ಳುವ ಜಾಗದವರೆಗೂ ತಲುಪುತ್ತಿದ್ದುದು 1990ರ ದಶಕದ ಅಧ್ಯಯನಗಳಲ್ಲಿ ಕಂಡುಬಂತು.

2003ರಲ್ಲಿ ಶುರುವಾದ ಸಂಸ್ಕರಣಾ ಘಟಕ ಪೂರ್ತಿಯಾಗಿ ಕಟ್ಟಡದೊಳಗಿದೆ. ಇದೇಕೆ ಎಂದು ನೀವು ಕೇಳಬಹುದು. ಕೊಳಚೆಯನ್ನು ಶುದ್ಧೀಕರಿಸುವವು ಬ್ಯಾಕ್ಟೀರಿಯಗಳು. ಉಷ್ಣತೆ 10 ಡಿಗ್ರಿ ಇಳಿದರೆ ಅವುಗಳ ಕೆಲಸದ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ತೆರೆದ ತೊಟ್ಟಿಯಾದರೆ ಅಲ್ಲಿ ನೀರೇ ಹೆಪ್ಪುಗಟ್ಟುತ್ತದೆ!

ತೊಟ್ಟಿಯೊಳಗೆ ಸತತವಾಗಿ ಗಾಳಿ ಊದಲಾಗುತ್ತದೆ. ಬ್ಯಾಕ್ಟೀರಿಯಗಳು ಆಮ್ಲಜನಕ ಬಳಸಿ ಕೊಳಚೆಯ ಸಾವಯವ ವಸ್ತುವನ್ನು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಹೊಸ ಜೀವಕೋಶಗಳನ್ನಾಗಿ ಮಾರ್ಪಡಿಸುತ್ತವೆ. ಈ ಕೋಶಗಳು ಒಟ್ಟುಗೂಡಿ ಗಸಿಯಾಗಿ ತಳ ಸೇರುತ್ತವೆ. ಗಸಿಯ ಒಂದು ಭಾಗವನ್ನು ಹೆಪ್ಪಿನಂತೆ ಮತ್ತೆ ತೊಟ್ಟಿಗೆ ಬಿಡುತ್ತಾರೆ; ಉಳಿದದ್ದನ್ನು ಹಿಂಡಿ ಹಡಗಿನಲ್ಲಿ ಅಮೆರಿಕಕ್ಕೆ ಸಾಗಿಸುತ್ತಾರೆ. ತಿಳಿನೀರಿಗೆ ಅತಿನೇರಿಳೆ ಕಿರಣ ಹಾಯಿಸಿದಾಗ ಉಳಿದ ಬ್ಯಾಕ್ಟೀರಿಯಗಳ ಡಿಎನ್‌ಎ ಕೆಟ್ಟು, ಅವು ವೃದ್ಧಿಯಾಗಲಾರವು. ಕ್ಲೋರಿನ್ ಬಳಸಿದರೆ ಅದರ ಉಳಿಕೆ ಕಡಲ ಜೀವಿಗಳಿಗೆ ವಿಷವಾದೀತು. ಕಿರಣದಿಂದ ಅಂಥ ಉಳಿಕೆ ಇಲ್ಲ.

ಇಂಥ ಪುಟ್ಟ ಊರಿನ ದೊಡ್ಡ ತೊಡಕು ಏರುಪೇರು. ಜನ ಕಡಿಮೆಯಾದಾಗ ಬ್ಯಾಕ್ಟೀರಿಯಗಳಿಗೆ ಆಹಾರ ಸಾಲದು. ಜನ ಒಮ್ಮೆಲೇ ಬಂದಿಳಿದರೆ ಅವು ಕೂಡಲೇ ಬೇಕಾದಷ್ಟು ವೃದ್ಧಿಯಾಗವು. ಆದ್ದರಿಂದ ಇಲ್ಲಿ ಯಂತ್ರಕ್ಕಿಂತ ಜೀವಿಗಳ ಪೋಷಣೆಯೇ ಮುಖ್ಯ.

ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಎರಡು ಸಣ್ಣ ಸೀಸೆಗಳಲ್ಲಿ ಕಾಯಿಸದ ಹಾಲನ್ನು ತುಂಬಿ, ಒಂದೆರಡು ಹನಿ ಮೆಥಿಲೀನ್ ಬ್ಲೂ ದ್ರಾವಣ ಬೆರೆಸಿ ಬಿಗಿಯಾಗಿ ಮುಚ್ಚಿ. ಒಂದನ್ನು ಬೆಚ್ಚಗಿನ ಜಾಗದಲ್ಲೂ ಇನ್ನೊಂದನ್ನು ಫ್ರಿಜ್‌ನಲ್ಲೂ ಇಡಿ. ಬ್ಯಾಕ್ಟೀರಿಯಗಳು ಆಮ್ಲಜನಕವನ್ನು ಬಳಸಿ ಮುಗಿಸಿದಂತೆ ನೀಲಿ ಬಣ್ಣ ಮಾಯವಾಗುತ್ತದೆ. ಯಾವುದು ಮೊದಲು ಬಿಳಿಯಾಯಿತು? ಬಿಳಿಯಾದ ಹಾಲನ್ನು ದೊಡ್ಡ ಸೀಸೆಗೆ ಸುರಿದು ಗಾಳಿಯೊಡನೆ ಕುಲುಕಿ ನೋಡಿ. ನೀಲಿ ಮತ್ತೆ ಇಣುಕುತ್ತದೆ. ತೊಟ್ಟಿಗೆ ಗಾಳಿ ಊದುವುದೇಕೆಂದು ಮಕ್ಕಳಿಗೆ ಬೇರೆ ವಿವರಣೆ ಬೇಕಾಗದು. (ಈ ಹಾಲನ್ನು ಕುಡಿಯಬಾರದು.)

ಭಾರತದ ಮೈತ್ರಿ (1989) ಮತ್ತು ಭಾರತಿ (2012) ಕೇಂದ್ರಗಳಿಗೂ ಇದೇ ಒಡಂಬಡಿಕೆ ಅನ್ವಯಿಸುತ್ತದೆ. ಮೈತ್ರಿ ಇರುವುದು ಹಿಮವಿಲ್ಲದ ಬಂಡೆ ನೆಲದಲ್ಲಿ, ಸಿಹಿನೀರಿನ ಸರೋವರದ ಪಕ್ಕ. ಅಂಥ ನೆಲಕ್ಕಾಗಲಿ ಸರೋವರಕ್ಕಾಗಲಿ ಕೊಳಚೆ ಬಿಡುವಂತೆಯೇ ಇಲ್ಲ.

ಮೆಕ್‌ಮರ್ಡೋದಲ್ಲಿ ಸಂಸ್ಕರಣೆ ಆರಂಭವಾಗಿ ಹಲವು ವರ್ಷ ಕಳೆದ ಮೇಲೂ ಕಡಲ ತಳ ಪೂರ್ಣವಾಗಿ ಚೇತರಿಸಿಕೊಂಡಿರಲಿಲ್ಲ. ಕೆಡಿಸುವುದು ಬೇಗ, ಸರಿಪಡಿಸುವುದು ನಿಧಾನ. ನಿಮ್ಮೂರಿನ ಕೆರೆಗೂ ಈ ಮಾತು ಸಲ್ಲುತ್ತದಲ್ಲವೆ?