ಹುಳುಕಡ್ಡಿ: ಹುಳುವಿಲ್ಲದ ರೋಗ

2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯೊಂದಿಗೆ ‘ಕಪ್ಪು ಶಿಲೀಂಧ್ರ’ ಎಂಬ ಹೆಸರು ಮನೆಮಾತಾಯಿತು. ಅದಕ್ಕೆ ಕಾರಣವಾದ ಮ್ಯೂಕರ್ ಗುಂಪಿನ ಬೂಷ್ಟು ವಾಸ್ತವವಾಗಿ ಕಪ್ಪಲ್ಲ. ಅದು ರಕ್ತನಾಳಗಳೊಳಗೆ ನುಗ್ಗಿ ರಕ್ತದ ಹರಿವನ್ನು ತಡೆದಾಗ ಸತ್ತು ಕಪ್ಪಾಗುವುದು ನಮ್ಮದೇ ಅಂಗಾಂಶ. ಹತೋಟಿಯಲ್ಲಿರದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್ ಔಷಧಿಗಳ ಅತಿಬಳಕೆ ಸೇರಿದ ಕಡೆ ಅದು ಅನೇಕರ ಪ್ರಾಣ ತೆಗೆಯಿತು. ಅಂತಹ ಸೋಂಕು ವಿರಳವೆಂಬುದೇ ಸಮಾಧಾನ. ಆದರೆ ಶಿಲೀಂಧ್ರ ಮತ್ತು ಸ್ಟೀರಾಯ್ಡ್‌ಗಳ ಇದೇ ಜೋಡಿ ನಮ್ಮ ಚರ್ಮದ ಮೇಲೆ, ಹೆಚ್ಚು ಸುದ್ದಿಯಾಗದೆ, ಇನ್ನೊಂದು ರೋಗವನ್ನು ಬೆಳೆಸಿ ನಿಲ್ಲಿಸಿದೆ. ಅದೇ ಹುಳುಕಡ್ಡಿ. ಕೆಲವೆಡೆ ಗಜಕರ್ಣ ಎಂದೂ ಕರೆಯುತ್ತಾರೆ.

ಹುಳುಕಡ್ಡಿಯಲ್ಲಿ ಹುಳುವಿಲ್ಲ. ಇದನ್ನು ಉಂಟುಮಾಡುವುದು ಡರ್ಮಟೊಫೈಟ್ ಎಂಬ ಗುಂಪಿನ ಶಿಲೀಂಧ್ರಗಳು. ಭೂಮಿಯ ಮೇಲಿನ ಬಹುಪಾಲು ಶಿಲೀಂಧ್ರಗಳಿಗೆ ನಮ್ಮ ದೇಹದ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಒಗ್ಗುವುದಿಲ್ಲ. ನಾವು ದಿನವೂ ಎಷ್ಟೋ ಬೀಜಕಣಗಳನ್ನು ಉಸಿರಾಡಿಯೂ ಆರೋಗ್ಯವಾಗಿರಲು ಇದೂ ಒಂದು ಕಾರಣ. ಡರ್ಮಟೊಫೈಟ್‌ಗಳು ಮಾತ್ರ ಒಳಗೆ ಇಳಿಯುವ ಗೋಜಿಗೇ ಹೋಗದೆ, ಕೊಂಚ ತಂಪಾಗಿರುವ ಚರ್ಮದ ಮೇಲ್ಪದರದಲ್ಲೇ ಬೀಡುಬಿಡುತ್ತವೆ. ಅಲ್ಲಿನ ಸತ್ತ ಜೀವಕೋಶಗಳಲ್ಲಿ, ಹಾಗೆಯೇ ಕೂದಲು ಮತ್ತು ಉಗುರುಗಳಲ್ಲಿ, ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ಇರುತ್ತದೆ. ಇದನ್ನು ಕರಗಿಸಿ ತಿನ್ನಬಲ್ಲ ಕಿಣ್ವಗಳು ಈ ಶಿಲೀಂಧ್ರಗಳಲ್ಲಿವೆ.

ಉಂಗುರದ ಆಕಾರ ಬರುವುದಾದರೂ ಹೇಗೆ? ಒಂದು ಬಿಂದುವಿನಲ್ಲಿ ನೆಲೆಯೂರಿದ ಶಿಲೀಂಧ್ರ ಸುತ್ತಲೂ ಹಬ್ಬುತ್ತಾ ಹೋಗುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಗುರುತಿಸಿ ಕೆರಳಿದಂತೆ ನಡುಭಾಗ ಮಾಯತೊಡಗುತ್ತದೆ. ಶಿಲೀಂಧ್ರ ಚುರುಕಾಗಿರುವ ಅಂಚು ಮಾತ್ರ ಕೆಂಪಾಗಿ, ಉಬ್ಬಿ, ಹೊಟ್ಟೆದ್ದು ಕಾಣುತ್ತದೆ. ಆ ಕೆಂಪು, ಆ ತುರಿಕೆ ಬಹುಮಟ್ಟಿಗೆ ನಮ್ಮ ದೇಹದ ಪ್ರತಿಭಟನೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪತ್ತೆ ಮಾಡುವುದು ಹೇಗೆ?

ಅನುಭವಿ ವೈದ್ಯರು ನೋಡಿದೊಡನೆ ಹೇಳಬಲ್ಲರು. ಆದರೂ ಇಸುಬು, ಸೋರಿಯಾಸಿಸ್‌ಗಳು ಕೆಲವೊಮ್ಮೆ ಇದೇ ವೇಷ ತೊಡುತ್ತವೆ. ಹಾಗಾಗಿ ಅನುಮಾನವಿದ್ದಲ್ಲಿ ಒಂದು ಸರಳ ಪರೀಕ್ಷೆಯಿದೆ. ಮಚ್ಚೆಯ ಅಂಚನ್ನು ಮೊಂಡು ಅಲಗಿನಿಂದ ಮೆಲ್ಲಗೆ ಕೆರೆದು, ಉದುರಿದ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಶೇಕಡ 10ರಿಂದ 20ರಷ್ಟು ಪ್ರಬಲತೆಯ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿಯನ್ನು ಬಿಡುತ್ತಾರೆ. ಕ್ಷಾರವು ಚರ್ಮದ ಜೀವಕೋಶಗಳನ್ನು ಕರಗಿಸಿ ತಿಳಿಯಾಗಿಸುತ್ತದೆ. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಇರುವುದರಿಂದ ಅದು ಅಷ್ಟು ಬೇಗ ಕರಗುವುದಿಲ್ಲ. ಆಗ ಸೂಕ್ಷ್ಮದರ್ಶಕದಲ್ಲಿ ಗಂಟುಗಂಟಾಗಿ ಕವಲೊಡೆದ ಎಳೆಗಳು ಕಣ್ಣಿಗೆ ಬೀಳುತ್ತವೆ. ಕೆಲವೇ ನಿಮಿಷಗಳ ಕೆಲಸ, ಖರ್ಚೂ ಅಲ್ಪ. ಇಷ್ಟು ಅಗ್ಗದ ಪರೀಕ್ಷೆಯನ್ನು ಬಿಟ್ಟು ಅಂದಾಜಿನ ಮೇಲೆ ಮುಲಾಮು ಬದಲಿಸುತ್ತಾ ಹೋಗುವುದು ನನಗಂತೂ ಸೋಜಿಗವೆನಿಸುತ್ತದೆ. ಒಂದು ಎಚ್ಚರಿಕೆ: ಆಗಲೇ ಶಿಲೀಂಧ್ರನಾಶಕ ಮುಲಾಮು ಹಚ್ಚಿದ್ದರೆ ಎಳೆಗಳು ಕಾಣದೇ ಹೋಗಬಹುದು. ಆದ್ದರಿಂದ ಹಚ್ಚಿರುವ ಸಂಗತಿಯನ್ನು ವೈದ್ಯರಿಗೆ ಮುಚ್ಚಿಡಬೇಡಿ.

ಯಾವ ಪ್ರಭೇದವೆಂದು ತಿಳಿಯಲು ಅದನ್ನು ಬೆಳೆಸಿಯೇ ನೋಡಬೇಕು. ಫ್ರಾನ್ಸಿನ ಚರ್ಮವೈದ್ಯ ರೇಮಂಡ್ ಸಬೂರೊ ಅವರ ಹೆಸರಿನ ಪೋಷಕ ಮಾಧ್ಯಮವನ್ನು ಇಂದಿಗೂ ಬಳಸುತ್ತಾರೆ. ಫಲಿತಾಂಶಕ್ಕೆ ಎರಡರಿಂದ ನಾಲ್ಕು ವಾರ ಕಾಯಬೇಕಾಗುತ್ತದೆ.

ಔಷಧಿಗಳ ಗುರಿ

ಶಿಲೀಂಧ್ರಗಳು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ಬಂಧುಗಳು. ಆದ್ದರಿಂದ ನಮಗೆ ಹಾನಿಮಾಡದೆ ಅವನ್ನು ಮಾತ್ರ ಕೊಲ್ಲುವ ಔಷಧಿ ಹುಡುಕುವುದು ಕಷ್ಟ. ಸಿಕ್ಕಿರುವ ಮುಖ್ಯ ವ್ಯತ್ಯಾಸವೆಂದರೆ ಜೀವಕೋಶದ ಪೊರೆಯದು. ನಮ್ಮ ಪೊರೆಯಲ್ಲಿರುವುದು ಕೊಲೆಸ್ಟರಾಲ್, ಅವುಗಳದರಲ್ಲಿ ಎರ್ಗೊಸ್ಟೆರಾಲ್. ಇಟ್ರಕೊನಜೋಲ್, ಕ್ಲೊಟ್ರಿಮಜೋಲ್ ಮುಂತಾದ ಅಜೋಲ್‌ಗಳು ಎರ್ಗೊಸ್ಟೆರಾಲ್ ತಯಾರಿಕೆಯ ಒಂದು ಹಂತವನ್ನು ತಡೆದರೆ, ಟರ್ಬಿನಾಫಿನ್ ಅದಕ್ಕಿಂತ ಮೊದಲಿನ ಹಂತದಲ್ಲಿ ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಎರ್ಗೊಸ್ಟೆರಾಲ್ ಕಡಿಮೆಯಾಗುವುದಲ್ಲದೆ ಬಳಕೆಯಾಗದ ಸ್ಕ್ವಾಲೀನ್ ಒಳಗೇ ಶೇಖರವಾಗಿ ಶಿಲೀಂಧ್ರ ಸಾಯುತ್ತದೆ. ಇದಕ್ಕೂ ಹಳೆಯದು ಗ್ರೈಸಿಯೊಫುಲ್ವಿನ್. 1939ರಲ್ಲಿ ಒಂದು ಪೆನಿಸಿಲಿಯಂ ಬೂಷ್ಟಿನಿಂದಲೇ ಬೇರ್ಪಡಿಸಿದ್ದು. ಮಕ್ಕಳ ತಲೆಯ ಹುಳುಕಡ್ಡಿಗೆ ಇದು ಈಗಲೂ ಉಪಯುಕ್ತ. ಅಲ್ಲಿ ಶಿಲೀಂಧ್ರವು ಕೂದಲಿನಲ್ಲೇ ಸೇರಿಕೊಂಡಿರುವುದರಿಂದ ಮೇಲೆ ಹಚ್ಚಿದ ಮುಲಾಮು ಸಾಲದು, ಮಾತ್ರೆ ನುಂಗಲೇಬೇಕು.

ಇಷ್ಟೆಲ್ಲ ಇದ್ದೂ ರೋಗ ಏಕೆ ವಾಸಿಯಾಗುತ್ತಿಲ್ಲ?

ಔಷಧಿ ಅಂಗಡಿಯಲ್ಲಿ ‘ತುರಿಕೆಗೆ ಏನಾದರೂ ಕೊಡಿ’ ಎಂದು ಕೇಳಿದವರ ಕೈಗೆ ಬಹಳ ಕಾಲ ಬರುತ್ತಿದ್ದುದು ಮಿಶ್ರ ಮುಲಾಮು: ಒಂದು ಶಿಲೀಂಧ್ರನಾಶಕ, ಒಂದು ಬ್ಯಾಕ್ಟೀರಿಯಾನಾಶಕ, ಜೊತೆಗೆ ಕ್ಲೊಬೆಟಸಾಲ್‌ನಂತಹ ಪ್ರಬಲ ಸ್ಟೀರಾಯ್ಡ್. ಹಚ್ಚಿದ ಒಂದೆರಡು ದಿನಗಳಲ್ಲೇ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ನೆನಪಿದೆಯಲ್ಲವೆ, ಅವೆರಡೂ ದೇಹದ ಪ್ರತಿಭಟನೆ. ಸ್ಟೀರಾಯ್ಡ್ ಬಾಯಿ ಮುಚ್ಚಿಸಿದ್ದು ಕಾವಲುಗಾರನನ್ನು, ಕಳ್ಳನನ್ನಲ್ಲ. ಮುಲಾಮು ನಿಲ್ಲಿಸಿದೊಡನೆ ರೋಗ ಮೊದಲಿಗಿಂತ ಅಗಲವಾಗಿ ಮರಳುತ್ತದೆ. ಮತ್ತೆ ಅದೇ ಮುಲಾಮು, ಮತ್ತೆ ಅದೇ ಕಥೆ. ಉಂಗುರದ ಅಂಚು ಅಳಿಸಿಹೋಗಿ ವೈದ್ಯರಿಗೂ ಗುರುತು ಸಿಗದಂತಾಗುವ ಈ ಸ್ಥಿತಿಯನ್ನು ಇಂಗ್ಲೆಂಡಿನ ಇಬ್ಬರು ವೈದ್ಯರು 1968ರಲ್ಲೇ ವರ್ಣಿಸಿ ‘ಟಿನಿಯಾ ಇನ್‌ಕಾಗ್ನಿಟೊ’ ಎಂದು ಹೆಸರಿಟ್ಟಿದ್ದರು. ತಿಂಗಳುಗಟ್ಟಲೆ ಹಚ್ಚಿದವರ ತೊಡೆಸಂದಿನಲ್ಲಿ ಚರ್ಮ ತೆಳುವಾಗಿ ಎಂದಿಗೂ ಮಾಸದ ಬಿರುಕುಗೆರೆಗಳು ಬೀಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೆ ನೆರೆಮನೆಯವರು ಕೊಟ್ಟ ಅರ್ಧ ಬಳಸಿದ ಟ್ಯೂಬಿಗೆ ಯಾವ ಚೀಟಿಯೂ ಬೇಕಿಲ್ಲವಲ್ಲ!

ಇದರ ನಡುವೆ ಶಿಲೀಂಧ್ರವೂ ಬದಲಾಗಿದೆ. ಜಪಾನಿನಲ್ಲಿದ್ದ ಭಾರತ ಮತ್ತು ನೇಪಾಳ ಮೂಲದ ರೋಗಿಗಳ ಮಾದರಿಗಳಲ್ಲಿ ಟರ್ಬಿನಾಫಿನ್‌ಗೆ ಬಗ್ಗದ ಪ್ರಭೇದವೊಂದನ್ನು ಸಂಶೋಧಕರು ಗುರುತಿಸಿ, 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಕರೆದರು. ಸ್ಕ್ವಾಲೀನ್ ಎಪಾಕ್ಸಿಡೇಸ್ ಕಿಣ್ವದ 397ನೆಯ ಸ್ಥಾನದಲ್ಲಿ ಫಿನೈಲ್‌ಅಲನಿನ್ ಇರಬೇಕಾದಲ್ಲಿ ಲ್ಯೂಸಿನ್ ಬಂದು ಕುಳಿತಿರುವುದು ಇದರಲ್ಲಿ ಸಾಮಾನ್ಯ. ಬೀಗದ ಒಂದು ಹಲ್ಲು ಬದಲಾದರೆ ಹಳೆಯ ಕೀಲಿ ಕೂರುವುದಿಲ್ಲ, ಹಾಗೆ. ಸೂಕ್ಷ್ಮದರ್ಶಕದಲ್ಲಾಗಲಿ ಪೋಷಕ ಮಾಧ್ಯಮದಲ್ಲಾಗಲಿ ಇದನ್ನು ಅದರ ಹತ್ತಿರದ ಸಂಬಂಧಿಗಳಿಂದ ಬೇರ್ಪಡಿಸಲಾಗದು, ಡಿಎನ್‌ಎ ಅನುಕ್ರಮವನ್ನೇ ಓದಬೇಕು. 2023ರಲ್ಲಿ ನ್ಯೂಯಾರ್ಕ್‌ನ ಇಬ್ಬರು ಮಹಿಳೆಯರಲ್ಲಿ ಇದು ವರದಿಯಾಯಿತು. ಅವರಲ್ಲೊಬ್ಬರು ಇತ್ತೀಚೆಗೆ ವಿದೇಶಕ್ಕೆ ಹೋದವರೇ ಅಲ್ಲ.

ಇಂತಹ ರೋಗಿಗಳಿಗೆ ಈಗ ವೈದ್ಯರು ಹೆಚ್ಚಾಗಿ ಇಟ್ರಕೊನಜೋಲ್ ಕೊಡುತ್ತಾರೆ. ಇದರ ಸಾಮಾನ್ಯ ಕ್ಯಾಪ್ಸೂಲು ರಕ್ತಕ್ಕೆ ಸೇರಲು ಜಠರದ ಆಮ್ಲ ಬೇಕು. ಆದ್ದರಿಂದ ಊಟದೊಡನೆ ನುಂಗಬೇಕು, ಎದೆಯುರಿಗೆಂದು ಆಮ್ಲ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು. ಹೃದಯ ದುರ್ಬಲವಾಗಿರುವವರಿಗೆ, ಗರ್ಭಿಣಿಯರಿಗೆ ಇದು ಸಲ್ಲದು. ಬೇರೆ ಹಲವು ಔಷಧಿಗಳೊಡನೆಯೂ ಹೊಂದಿಕೆಯಿಲ್ಲ. ಹಿಂದೆ ಎರಡು ವಾರಗಳಲ್ಲಿ ಮುಗಿಯುತ್ತಿದ್ದ ಚಿಕಿತ್ಸೆ ಇಂದು ನಾಲ್ಕು ವಾರ, ಕೆಲವರಲ್ಲಿ ಎರಡು ತಿಂಗಳಿಗೂ ಮೀರಿ ನಡೆಯುತ್ತದೆ. ಕಾಲಿನ ಉಗುರಿಗೆ ಹತ್ತಿದ್ದರಂತೂ ಹೊಸ ಉಗುರು ಪೂರ್ತಿ ಬರಲು ವರ್ಷವೇ ಬೇಕು.

ಮುಲಾಮು ಹಚ್ಚುವಾಗ ಮಚ್ಚೆಯ ಅಂಚಿನಿಂದ ಎರಡು ಬೆರಳಗಲ ಆಚೆಗೂ ಸವರಿ, ಶಿಲೀಂಧ್ರ ಅಷ್ಟರಲ್ಲಿ ಅಲ್ಲಿಗೆ ತಲುಪಿರಬಹುದು. ಒಂದೇ ಟವೆಲನ್ನು ಮನೆಮಂದಿಯೆಲ್ಲ ಬಳಸುವ ರೂಢಿಯನ್ನು ಬಿಡಿ. ಉಡುಪನ್ನು ಬಿಸಿನೀರಿನಲ್ಲಿ ಒಗೆದು, ಒಳಮಗ್ಗುಲು ಮೇಲಾಗುವಂತೆ ಬಿಸಿಲಿಗೆ ಹರವಿ. ಮಳೆಗಾಲದಲ್ಲಿ ಅರೆ ಒಣಗಿದ ಒಳಉಡುಪನ್ನೂ ಬಿಗಿಯಾದ ಜೀನ್ಸನ್ನೂ ತೊಡಬೇಡಿ. ಮನೆಯಲ್ಲಿ ಇನ್ನಾರಿಗಾದರೂ ತುರಿಕೆಯಿದ್ದರೆ ಅವರಿಗೂ ಅದೇ ಹೊತ್ತಿಗೆ ಚಿಕಿತ್ಸೆಯಾಗಬೇಕು. ಇಲ್ಲವಾದರೆ ಒಬ್ಬರು ವಾಸಿಯಾಗುವ ವೇಳೆಗೆ ಇನ್ನೊಬ್ಬರಿಂದ ಅದು ಮತ್ತೆ ಅಂಟಿರುತ್ತದೆ.