ಹಾರ ಹಾಕಿದ ಮರುದಿನ

ಕಳೆದ ಮಳೆಗಾಲದ ಆರಂಭದಲ್ಲಿ, ಸಿರ್ಸಿ ತಾಲೂಕಿನ ನಮ್ಮ ಭೈರುಂಬೆಯ ಸಮೀಪದ ಒಂದು ಸೇವಾಸಂಸ್ಥೆಯವರು ತಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರನ್ನು ಸ್ವಾಗತಿಸುವುದಕ್ಕಾಗಿ ಒಂದು ಚಿಕ್ಕ ಸಭೆಯನ್ನು ಕೂಡಿಸಿದ್ದರು. ನಿವೃತ್ತ ಮಾಸ್ತರರೆಂಬ ಒಂದೇ ಕಾರಣದಿಂದ ನಮ್ಮನ್ನೂ ಕರೆದು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿದರು. ಪ್ರಾರ್ಥನೆಯಾಯಿತು, ದೀಪ ಬೆಳಗಿದ್ದಾಯಿತು, ಹೊಸಬರ ಕೊರಳಿಗೆ ಹಾರ ಬಿದ್ದಿತು. ನಾಲ್ವರು ಮಹನೀಯರು ಎದ್ದು ಸೇವೆಯ ಮಹಿಮೆಯನ್ನು ವರ್ಣಿಸಿದರು. ನಾವೂ ಎರಡು ಮಾತನಾಡಿ, ಅವಲಕ್ಕಿ ತಿಂದು ಚಹ ಕುಡಿದು ಮನೆಗೆ ಬಂದೆವು. ಬಂದು ಜಗಲಿಯಲ್ಲಿ ಕುಳಿತು ಕವಳ ಹಾಕುವಾಗ ಒಂದು ಸಂಗತಿ ಮನಸ್ಸನ್ನು ಚುಚ್ಚಿತು: ಆ ಸಭೆಯಲ್ಲಿ ಹೇಳಲೇಬೇಕಾಗಿದ್ದ ಮಾತನ್ನು ನಾವೂ ಹೇಳಲಿಲ್ಲ, ಬೇರೆ ಯಾರೂ ಹೇಳಲಿಲ್ಲ. ಆ ಋಣವನ್ನು ಈ ಬರೆಹದಿಂದ ತೀರಿಸಬೇಕೆಂದಿದ್ದೇವೆ.

ಮೊದಲು ಆ ಕೆಲಸ ಎಂಥದೆಂಬುದನ್ನು ವಾಚಕರು ಅರಿಯಬೇಕು. ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ನಮ್ಮ ಸೀಮೆಯಲ್ಲಿ ಊರೆಂದರೆ ಸಾಲುಮನೆಗಳ ಬೀದಿಯಲ್ಲ. ಅಡಿಕೆ ತೋಟದ ತಲೆಯಲ್ಲಿ ಒಂದು ಮನೆ, ಬೆಟ್ಟ ಹತ್ತಿ ಇಳಿದರೆ ಮತ್ತೊಂದು. ನಡುವೆ ಹಳ್ಳ, ಹಳ್ಳಕ್ಕೊಂದು ಸಂಕ. ಓದಿದ ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋದರು. ಎಷ್ಟೋ ದೊಡ್ಡ ಮನೆಗಳಲ್ಲಿ ಇಂದು ಇಬ್ಬರು ವೃದ್ಧರು, ಇಲ್ಲವೆ ಒಬ್ಬಳೇ ಅಜ್ಜಿ. ಸಂಸ್ಥೆಯ ಕಾರ್ಯಕರ್ತರು ಇಂಥ ಮನೆಗಳ ಬಾಗಿಲಿಗೆ ಹೋಗಿ ಔಷಧಿ ಮುಗಿಯಿತೋ ಎಂದು ನೋಡಬೇಕು. ಸಂಧ್ಯಾ ಸುರಕ್ಷಾ ಪಿಂಚಣಿಯ ಕಾಗದ ತುಂಬಿಸಬೇಕು. ಕೂಲಿಯವರ ಕೇರಿಯ ಮಕ್ಕಳು ಶಾಲೆ ಬಿಟ್ಟರೇಕೆಂದು ವಿಚಾರಿಸಬೇಕು. ಹೊತ್ತಿಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಜೊತೆ ಹೋಗಬೇಕು. ಇಂಥ ಕಾರ್ಯಕರ್ತನು ಮೂರು ತಿಂಗಳಿಗೆ ಬೇಸತ್ತು ಬಿಟ್ಟುಹೋದರೆ ನಷ್ಟವು ಸಂಸ್ಥೆಯದಲ್ಲ, ತುದಿಮನೆಯ ಅಜ್ಜಿಯದು.

ಸಂಸ್ಕೃತ ಕಲಿಸಿದ ನಮಗೆ ಶಬ್ದವನ್ನು ಬಿಡಿಸಿ ನೋಡುವ ಚಟ. 'ಸ್ವಾಗತ'ವೆಂದರೆ ಸು ಮತ್ತು ಆಗತ, ಚೆನ್ನಾಗಿ ಬಂದುದು. 'ಆಗತ'ವು ಭೂತಕಾಲವನ್ನು ಹೇಳುವ ರೂಪ; ಬಂದದ್ದಾಯಿತು, ಅಲ್ಲಿಗೆ ಆ ಪದದ ಕೆಲಸ ಮುಗಿಯಿತು. ಬಂದವನು ಚೆನ್ನಾಗಿ ನಿಲ್ಲುವ ವಿಚಾರವನ್ನು ಅದು ಎತ್ತುವುದಿಲ್ಲ. ನಮ್ಮ ಸಭೆಗಳೂ ಹಾಗೆಯೇ. ಹಾರ ಹಾಕುವುದು ಒಂದು ನಿಮಿಷದ ಕೆಲಸ. ಹಾರ ಹಾಕಿದ ಮರುದಿನ ಏನಾಗುತ್ತದೆ ಎಂಬುದರಲ್ಲಿಯೇ ನಿಜವಾದ ಸ್ವಾಗತವಿದೆ.

ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಘಟ್ಟದ ಅಂಚಿನ ಒಂದು ಶಾಲೆಗೆ ಸಂಸ್ಕೃತದ ಮಾಸ್ತರರಾಗಿ ಹೋದೆವು. ಆ ಊರಿನವರು ನಮಗೆ ಮಾಡಿದ ಸತ್ಕಾರವನ್ನು ಇಂದಿಗೂ ಮರೆತಿಲ್ಲ. ಹಾರ, ತೆಂಗಿನಕಾಯಿ, ಊರ ಹಿರಿಯರ ಮನೆಯಲ್ಲಿ ಊಟ, ಹೋದಲ್ಲೆಲ್ಲ ಕುರ್ಚಿ. ಹದಿನೈದು ದಿನಗಳ ತರುವಾಯ, ಮಳೆ ಹಿಡಿದ ಒಂದು ಮಧ್ಯಾಹ್ನ, ರಾಮಶಬ್ದದ ವಿಭಕ್ತಿಗಳನ್ನು ಒಪ್ಪಿಸದ ನಾಲ್ವರು ಹುಡುಗರನ್ನು ಶಾಲೆ ಬಿಟ್ಟ ಮೇಲೆಯೂ ಕೂಡಿಹಾಕಿಕೊಂಡೆವು. ಐದು ಗಂಟೆಗೆ ಅವರನ್ನು ಬಿಟ್ಟು, ಕೊಡೆ ಹಿಡಿದು ಬಿಡಾರಕ್ಕೆ ಬಂದೆವು. ಅಷ್ಟರಲ್ಲಿ ಹಳ್ಳವು ಸಂಕದ ಮೇಲೆ ಹರಿಯುತ್ತಿತ್ತು. ಹುಡುಗರಲ್ಲಿ ಹಿರಿಯನು ಸಂಕವಿದ್ದ ಜಾಗವನ್ನು ಕಾಲಿನಿಂದ ತಡವುತ್ತ ನೀರಿಗಿಳಿದನು. ದನ ಅಟ್ಟಿಕೊಂಡು ಬರುತ್ತಿದ್ದ ಒಬ್ಬ ರೈತನು ಓಡಿಬಂದು ಅವನ ಅಂಗಿಯ ಕೊರಳಪಟ್ಟಿಯನ್ನು ಹಿಡಿದೆಳೆಯದಿದ್ದರೆ, ಆ ಹೊತ್ತಿನಿಂದ ಮುಂದೆ ನಾವು ಮಾಸ್ತರಿಕೆ ಮಾಡುತ್ತಿದ್ದೆವೋ ಇಲ್ಲವೋ ಹೇಳಲಾರೆವು. ಆ ರಾತ್ರಿ ಮಕ್ಕಳು ಈಚೆ ದಡದ ಮನೆಯಲ್ಲಿ ಮಲಗಿದರು. ಆಚೆ ದಡದಲ್ಲಿ ತಾಯಂದಿರು ಕಂಬಳಿಕೊಪ್ಪೆ ಹೊದ್ದು, ಮಕ್ಕಳು ಕ್ಷೇಮವೆಂಬ ಕೂಗು ನೀರಿನ ಸದ್ದನ್ನು ದಾಟಿ ಕಿವಿಗೆ ಬೀಳುವ ತನಕ ನಿಂತಿದ್ದರು.

ಮರುದಿನ ಶಾಲೆಯ ಜವಾನನು ತಲೆ ತಗ್ಗಿಸಿ ಹೇಳಿದನು: "ಮಳೆ ಜೋರಾದ್ರೆ ಆಚೆ ದಡದ ಮಕ್ಕಳನ್ನು ಮೂರು ಗಂಟೆಗೇ ಬಿಡೂದು ಮಾಸ್ತರ್ರೇ, ಮೊದಲಿಂದ ಹಾಗೇ." ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆವು. "ನೀವು ಅಷ್ಟು ಓದಿದವರು. ನಾನು ಹೇಳೂದು ಮರ್ಯಾದೆ ಅಲ್ಲ ಅಂದ್ಕೊಂಡೆ" ಎಂದನು.

ಊರಿಗೆ ಊರೇ ನಮಗೆ ಮರ್ಯಾದೆ ಕೊಟ್ಟಿತ್ತು. ಆ ಮರ್ಯಾದೆಯೇ ಬೇಕಾದ ಒಂದು ವಾಕ್ಯವನ್ನು ನಮ್ಮಿಂದ ದೂರವಿಟ್ಟಿತು. ನಾವಾದರೂ ಕೇಳಬಹುದಾಗಿತ್ತು. ಕೇಳಿದರೆ ಏನೂ ಅರಿಯದವರೆಂದು ತಿಳಿದಾರೆಂಬ ತಾರುಣ್ಯದ ಬಿಗುಮಾನ ಬಿಡಲಿಲ್ಲ. ಹೊಸಬನ ಸಂಕೋಚ, ಹಳಬರ ಮರ್ಯಾದೆ, ಇವೆರಡರ ನಡುವಿನ ಮೌನವೇ ಹೊಸ ಕೆಲಸಗಾರನ ಮೊದಲ ಶತ್ರು.

ಆದುದರಿಂದ ಸ್ವಾಗತದ ಮೊದಲ ಅಂಗವು ಜೊತೆಯಲ್ಲಿ ನಡೆಯುವುದು. ಹಳೆಯ ಕಾರ್ಯಕರ್ತನು ಹೊಸಬನನ್ನು ಕರೆದುಕೊಂಡು ಮನೆಮನೆಗೂ ಹೋಗಿ, "ಇನ್ನು ಮುಂದೆ ನಮ್ಮಂತೆಯೇ ಇವರು" ಎಂದು ಹೇಳಿಬರಬೇಕು. ಒಂದು ಮನೆಯ ಅಜ್ಜನಿಗೆ ಕಿವಿ ಕೇಳಿಸದು, ಹಿತ್ತಿಲ ಕಡೆಯಿಂದ ಹೋಗಿ ಕಿಟಕಿಯಲ್ಲಿ ಮುಖ ತೋರಿಸಬೇಕು. ಇನ್ನೊಂದು ಮನೆಯಲ್ಲಿ ಸೊಸೆಯ ಎದುರಿಗೆ ಅತ್ತೆಯ ಔಷಧಿಯ ಮಾತೆತ್ತಬಾರದು. ಮತ್ತೊಂದೆಡೆ ದಣಪೆ ದಾಟಿದೊಡನೆ ನಾಯಿಯ ಹೆಸರು ಹಿಡಿದು ಕರೆಯಬೇಕು. ಇಂಥ ವಿದ್ಯೆಯು ಯಾವ ಕಡತದಲ್ಲಿಯೂ ಇರುವುದಿಲ್ಲ. ಹಳಬನು ಕೆಲಸ ಬಿಟ್ಟ ದಿನ ಅವನೊಡನೆಯೇ ಹೊರಟುಹೋಗುತ್ತದೆ. ಜೊತೆಯಾಗಿ ನಡೆದ ಹದಿನೈದು ದಿನಗಳಲ್ಲಿ ಮಾತ್ರ ಅದು ಕೈದಾಟುತ್ತದೆ.

ಹೊಸಬರನ್ನು ತಿದ್ದಿ ನಿಲ್ಲಿಸುವ ಕೆಲಸಕ್ಕೆ ಕಾಲಾವಕಾಶ ಬೇಕೆಂಬುದನ್ನು ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು ಕಟ್ಟಿದಾಗ, ಸೇರುವವರಿಗೆ ಏಳು ಪ್ರತಿಜ್ಞೆಗಳನ್ನು ವಿಧಿಸಿದ್ದಷ್ಟೇ ಅಲ್ಲ, ಐದು ವರ್ಷಗಳ ಶಿಕ್ಷಣವನ್ನೂ ನಿಯಮಿಸಿದರು. ಮಹಾತ್ಮಾ ಗಾಂಧಿಯವರು ದಕ್ಷಿಣ ಆಫ್ರಿಕೆಯಲ್ಲಿ ಅಷ್ಟೆಲ್ಲ ಸಾಧಿಸಿ 1915ರಲ್ಲಿ ಸ್ವದೇಶಕ್ಕೆ ಮರಳಿದಾಗ, ಇದೇ ಗೋಖಲೆಯವರು ಅವರಿಂದ ಪಡೆದ ವಚನವೇನು? ಒಂದು ವರ್ಷ ದೇಶವನ್ನು ಸುತ್ತಿ ನೋಡಬೇಕು, ಸಾರ್ವಜನಿಕ ವಿಷಯಗಳಲ್ಲಿ ಅಭಿಪ್ರಾಯ ಹೇಳಬಾರದು ಎಂದು. ಆ ಫೆಬ್ರವರಿಯಲ್ಲಿಯೇ ಗೋಖಲೆಯವರು ತೀರಿಕೊಂಡರೂ ಗಾಂಧಿಯವರು ಆ ಮಾತಿನಂತೆ ನಡೆದರು. ಗಾಂಧಿಯವರಿಗೇ ಒಂದು ವರ್ಷ ಬೇಕಾದಲ್ಲಿ, ನಮ್ಮ ಕಾಲೇಜಿನಿಂದ ನೇರವಾಗಿ ಬಂದ ಹುಡುಗನಿಗೆ ಒಂದು ಸಭೆ ಸಾಕೆನ್ನುವುದು ಹೇಗೆ?

ಈ ಕಾಲದ ನಿದರ್ಶನವೂ ಉಂಟು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆರಂಭವಾಗಿ ಆಶಾ ಕಾರ್ಯಕರ್ತೆಯರ ಪದ್ಧತಿ ಬಂದಾಗ, ಆಕೆ ಆ ಊರಿನ ನಿವಾಸಿಯೇ ಆಗಿರಬೇಕೆಂದು ಗೊತ್ತುಮಾಡಿದರು. ಮೊದಲ ತರಬೇತಿಯ 23 ದಿನಗಳನ್ನು ಒಂದೇ ಪಟ್ಟಿಗೆ ಮುಗಿಸದೆ ಐದು ಕಂತುಗಳಾಗಿ ಹಂಚಿದರು. ಕಲಿತದ್ದನ್ನು ಊರಲ್ಲಿ ಮಾಡಿ ನೋಡುವುದು, ತೊಡಕು ಬಂದುದನ್ನು ಹೊತ್ತುಕೊಂಡು ಮತ್ತೆ ಕಲಿಯಲು ಹೋಗುವುದು: ಈ ಕ್ರಮವು ನಮ್ಮ ಚಿಕ್ಕ ಸಂಸ್ಥೆಗಳಿಗೂ ಸಲ್ಲತಕ್ಕದ್ದು. ವಾರಕ್ಕೊಮ್ಮೆ ಹಿರಿಯರೊಬ್ಬರು ಹೊಸಬನನ್ನು ಕುಳ್ಳಿರಿಸಿಕೊಂಡು, "ಈ ವಾರ ಯಾವುದು ತಿಳಿಯಲಿಲ್ಲ?" ಎಂದು ತಾವಾಗಿಯೇ ಕೇಳಿದರೆ ಅರ್ಧ ಕೆಲಸವಾದಂತೆ.

ಎರಡನೆಯ ಅಂಗವು ಹೇಳಬೇಕಾದುದನ್ನು ಸ್ಪಷ್ಟವಾಗಿ ಹೇಳುವುದು. ಸಂಬಳವೆಷ್ಟು, ಯಾವ ದಿನ ಕೈಗೆ ಬರುತ್ತದೆ, ರಜೆ ಎಷ್ಟು, ಮೋಟಾರುಬೈಕಿಗೆ ಎಣ್ಣೆ ಹಾಕಿಸುವವರಾರು ಎಂಬುದನ್ನು ಮೊದಲ ದಿನವೇ ಬರೆದುಕೊಡಬೇಕು. ಸೇವೆಯೆಂಬ ಹೆಸರಿನಿಂದ ಸಂಬಳದ ಮಾತನ್ನು ನಾಚಿಕೆಯ ಮಾತಾಗಿ ಮಾಡುವುದು ಅನ್ಯಾಯ; ಸೇವಕನಿಗೂ ಮನೆಯುಂಟು. ಫೋನಿನ ಸಿಗ್ನಲು ಸಿಕ್ಕದ ನಮ್ಮ ಕಣಿವೆಗಳಲ್ಲಿ ಅಪಾಯ ಬಂದರೆ ಯಾರ ಮನೆಗೆ ಓಡಬೇಕೆಂಬುದನ್ನು ತಿಳಿಸಬೇಕು. ಹೆಣ್ಣುಮಕ್ಕಳು ಕೆಲಸಕ್ಕೆ ಬಂದಲ್ಲಿ ಇನ್ನೊಂದು ಮಾತನ್ನೂ ಮರೆಯಬಾರದು. ಕೆಲಸದ ಸ್ಥಳದಲ್ಲಿ ಮಹಿಳೆಯರಿಗೆ ಲೈಂಗಿಕ ಕಿರುಕುಳವಾಗದಂತೆ 2013ರಲ್ಲಿ ಕಾಯಿದೆಯಾಗಿದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಯಲ್ಲಿ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರಿಕೊಳ್ಳಬಹುದು. ಇದನ್ನು ಹೇಳುವುದು ಅಮಂಗಳವಲ್ಲ. ಹಳ್ಳದ ನೀರು ಏರುತ್ತದೆಂದು ಹೇಳುವಷ್ಟೇ ಸಹಜವಾದ ಎಚ್ಚರಿಕೆ.

ಇನ್ನು ಮೂರನೆಯ ಅಂಗವು ಸಂಸ್ಥೆಯ ಕೈಯಲ್ಲಿಲ್ಲ. ಈ ಪತ್ರಿಕೆಯನ್ನು ಓದುವ ಗೃಹಸ್ಥರ ಹಾಗೂ ಗೃಹಿಣಿಯರ ಕೈಯಲ್ಲಿದೆ. ಹೊಸಬರು ಮನೆಯಂಗಳಕ್ಕೆ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? "ಯಾವ ಊರು, ಯಾರ ಪೈಕಿ?" ಎಂಬುದಷ್ಟೆ. ಪ್ರಶ್ನೆಯಲ್ಲಿ ತಪ್ಪಿಲ್ಲವೆನ್ನಬಹುದು, ಆದರೆ ಉತ್ತರವನ್ನು ಕೇಳಿದ ಮೇಲೆ ಬಂದವರನ್ನು ಜಗಲಿಯ ಯಾವ ಮೆಟ್ಟಿಲಿನಲ್ಲಿ ನಿಲ್ಲಿಸುತ್ತೇವೆ, ನೀರನ್ನು ಯಾವ ಲೋಟದಲ್ಲಿ ಕೊಡುತ್ತೇವೆ ಎಂಬುದರಲ್ಲಿ ನಮ್ಮ ಒಳಗು ಬಯಲಾಗುತ್ತದೆ. ನಮ್ಮ ತಾಯಿಗೆ ರಕ್ತದೊತ್ತಡ ನೋಡಲು ಬಂದ ಹುಡುಗಿಯನ್ನು ಅಂಗಳದಲ್ಲಿಯೇ ನಿಲ್ಲಿಸಿ ಮಾತನಾಡಿಸಿದರೆ ಸಂಸ್ಥೆಯವರು ಹಾಕಿದ ಹಾರ ಅಲ್ಲಿಯೇ ಬಾಡಿಹೋಗುತ್ತದೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ದಲಿತರ ಶಿಕ್ಷಣಕ್ಕಾಗಿ ದುಡಿದರು. ಅವರಿಗೆ ಸ್ವಜಾತಿಯವರಿಂದ ದೊರೆತ ಬಹುಮಾನವು ಬಹಿಷ್ಕಾರ. ಆ ಕಾಲ ಹಿಂದಾಯಿತೆಂದು ನಾವು ಹೇಳಿಕೊಳ್ಳುತ್ತೇವೆ. ಹಿಂದಾಯಿತೋ ಇಲ್ಲವೋ ಎಂಬುದಕ್ಕೆ ನಮ್ಮ ಅಡಿಗೆಮನೆಯ ಲೋಟವೇ ಸಾಕ್ಷಿ.

ನಮ್ಮ ಸೀಮೆಗೆ ಸಂಸ್ಥೆ ಕಟ್ಟುವುದು ಹೊಸದಲ್ಲ. ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಹುಟ್ಟಿಸಿ ದೇಶಕ್ಕೇ ದಾರಿ ತೋರಿದ ತರುವಾಯ, 1923ರಲ್ಲಿ ಸಿರ್ಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವು ತಲೆಯೆತ್ತಿತು. ಭೈರುಂಬೆಯಲ್ಲಿಯೇ ಹುಳಗೋಳ ಸೇವಾ ಸಹಕಾರಿ ಸಂಘವಿದೆ. ಇಂಥ ಸಂಸ್ಥೆಗಳ ಗೋಡೆಯ ಮೇಲೆ ಸ್ಥಾಪಕರ ಭಾವಚಿತ್ರಗಳಿರುತ್ತವೆ, ಇರಬೇಕಾದುದೇ. ಆದರೆ ಚಿತ್ರದಲ್ಲಿರುವವರು ಬಾಗಿಲು ತೆರೆಯಲಾರರು. ನೂರು ವರ್ಷ ಬಾಳುವ ಸಂಸ್ಥೆಯು ಬಾಳುವುದು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಬೀಗದಕೈ, ಲೆಕ್ಕದ ಪುಸ್ತಕ, ಊರಿನ ವಿಶ್ವಾಸ ಈ ಮೂರೂ ನೆಲಕ್ಕೆ ಬೀಳದಂತೆ ದಾಟಿದಾಗ ಮಾತ್ರ.

ಹೊಸಬರಿಗೂ ಒಂದು ಮಾತು. ತಿಳಿಯದುದನ್ನು ಮೊದಲ ತಿಂಗಳಲ್ಲಿಯೇ ಕೇಳಿಬಿಡಿರಿ. ಹೊಸಬನ ಅಜ್ಞಾನವನ್ನು ಊರು ಕ್ಷಮಿಸುತ್ತದೆ. ವರ್ಷ ಕಳೆದ ಮೇಲೆ ಅದನ್ನೇ ಅಲಕ್ಷ್ಯವೆನ್ನುತ್ತದೆ. ಮನೆಯೊಳಗೆ ಕಂಡುದನ್ನು ಮುಂದಿನ ಮನೆಯ ಜಗಲಿಗೆ ಒಯ್ಯಬೇಡಿರಿ. ಊರಿನವರು ತಡವಾಗಿ ನಂಬುತ್ತಾರೆ. ನಂಬಿದ ಮೇಲೆ ಬಿಡುವುದಿಲ್ಲ.

ಸಭೆಯಾದ ಮುಂದಿನ ವಾರ, ಮಳೆಯಲ್ಲಿ ನೆನೆದು, ಕಾಲಿಗೆ ಹತ್ತಿದ ಉಂಬಳವನ್ನು ಕಿತ್ತೆಸೆಯುತ್ತ, ಹಾರ ಹಾಕಿಸಿಕೊಂಡವರಲ್ಲಿ ಒಬ್ಬಳು ನಮ್ಮ ದಣಪೆಯ ಬಳಿ ನಿಂತು ಮೇಲಿನ ಮನೆಯ ದಾರಿಯನ್ನು ಕೇಳಿದಳು. ನಮ್ಮ ಮನೆಯವರು ಒಳಗಿನಿಂದಲೇ, "ಬಾರೇ ತಂಗೀ, ಒಳಗೆ ಬಾ. ಮೊದಲು ಆಸರಿಗೆ ಆಗಲಿ, ದಾರಿ ಎಲ್ಲಿಗೂ ಹೋಗುವುದಿಲ್ಲ" ಎಂದು ಕರೆದು, ಬಚ್ಚಲಿನ ಬಿಸಿನೀರು ತೋರಿಸಿ, ಅಡಿಗೆಮನೆಯ ಒಳಗೇ ಮಣೆ ಹಾಕಿದರು. ಆಕೆ ಕುಡಿದಾದ ಮೇಲೆ ನಾವು ಕೊಡೆ ಹಿಡಿದು ಹಳ್ಳದವರೆಗೆ ಜೊತೆಯಲ್ಲಿ ಹೋದೆವು. ಸಂಕದ ಪಕ್ಕದ ಹೊನ್ನೆಮರದ ಬುಡದಲ್ಲಿ ಒಂದು ಕಲ್ಲಿದೆ. ಆ ಕಲ್ಲು ಕಾಣುವ ತನಕ ದಾಟಬಹುದು. ಮುಳುಗಿದರೆ ಯಾರು ಕರೆದರೂ ದಾಟಬಾರದು, ಹಿಂದಿರುಗಿ ನಮ್ಮ ಮನೆಗೆ ಬಂದುಬಿಡಬೇಕೆಂದು ಹೇಳಿದೆವು. ಆಕೆ ಕಲ್ಲನ್ನು ಎರಡು ಸಲ ನೋಡಿಕೊಂಡು ಸಂಕ ದಾಟಿ ಹೋದಳು.

ಸಭೆಯಲ್ಲಿ ಹೇಳದೆ ಬಂದ ಮಾತು ಅದೇ ಆಗಿತ್ತು. ವಾಚಕರೇ, ನಿಮ್ಮ ಊರಿನ ಹಳ್ಳದಲ್ಲಿಯೂ ಅಂಥದೊಂದು ಕಲ್ಲಿದ್ದೀತು. ಹೊಸಬರಿಗೆ ಅದನ್ನು ತೋರಿಸಿದಿರಾ?