ಬರ್ಫಿಲ್ಲದ ಊರಿನಲ್ಲಿ ಸ್ಕೇಟಿಂಗ್ ಕಲಿಯುವುದು ಹೇಗೆ?

ಟಿ.ವಿ.ಯಲ್ಲಿ ಬರ್ಫಿನ ಮೇಲಿನ ಓಟದ ಪಂದ್ಯ ನೋಡಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳು ಮರುದಿನ ವಿಜ್ಞಾನದ ಪಾಠದ ನಡುವೆ ಎದ್ದು ನಿಂತು ಕೇಳಿದಳು: 'ಸರ, ಹಿಂಗ ಓಡೋದು ಕಲೀಬೇಕಂದ್ರ ನಾ ಎಲ್ಲಿ ಹೋಗ್ಬೇಕ್ರಿ?'

ಇಡೀ ತರಗತಿ ನಕ್ಕಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬೀದರ, ಭಾಲ್ಕಿ, ಔರಾದಗಳಲ್ಲಿ ಬರ್ಫ್ ಎಂದರೆ ಶರಬತ್ತಿನ ಗಾಡಿಯ ಮೇಲಿನದ್ದು ತಾನೆ! ಆದರೂ ಅವಳ ಪ್ರಶ್ನೆಗೆ ಉತ್ತರವಿದೆ.

ಅಮೆರಿಕದ ಫ್ಲಾರಿಡಾ ರಾಜ್ಯದ ಒಕಾಲಾ ಕೂಡ ಸೆಕೆಯ ಊರೇ. ಅಲ್ಲಿನ ಎರಿನ್ ಜಾಕ್ಸನ್ ಬೆಳೆದದ್ದು ಗಾಲಿ ಸ್ಕೇಟ್‌ಗಳ ಮೇಲೆ. ಬರ್ಫಿನ ಮೇಲೆ ಕೆಲವೇ ತಿಂಗಳು ಅಭ್ಯಾಸ ಮಾಡಿ 2018ರ ಚಳಿಗಾಲದ ಒಲಿಂಪಿಕ್ಸ್‌ಗೆ ಆಯ್ಕೆಯಾದ ಆಕೆ, 2022ರಲ್ಲಿ ಬೀಜಿಂಗ್‌ನಲ್ಲಿ 500 ಮೀಟರ್ ಓಟದ ಚಿನ್ನ ಗೆದ್ದಳು. ಅಂದರೆ ಬರ್ಫಿನ ದಾರಿ ಸಿಮೆಂಟಿನ ನೆಲದಿಂದಲೂ ಶುರುವಾಗಬಹುದು.

ಇದರ ಕಾರಣ ಭೌತಶಾಸ್ತ್ರದಲ್ಲಿದೆ. ನಡೆಯುವಾಗ ನಾವು ನೆಲವನ್ನು ಹಿಂದಕ್ಕೆ ಒತ್ತುತ್ತೇವೆ. ಗಾಲಿ ಕಟ್ಟಿಕೊಂಡು ಹಾಗೆ ಒತ್ತಿದರೆ ಕಾಲೇ ಹಿಂದಕ್ಕೆ ಜಾರುತ್ತದೆ. ಆದ್ದರಿಂದ ಪಕ್ಕಕ್ಕೆ ಒತ್ತಬೇಕು. ಬರ್ಫಿನ ಮೇಲಿನ ಉಕ್ಕಿನ ಅಲಗಿಗೂ ಇದೇ ನಿಯಮ. ಮೊಣಕಾಲು ಬಗ್ಗಿಸಿ ಕೂರುವ ಭಂಗಿ, ತಿರುವಿನಲ್ಲಿ ಎಡಕ್ಕೆ ವಾಲಿ ಬಲಗಾಲನ್ನು ಎಡಗಾಲಿನ ಮೇಲಿಂದ ದಾಟಿಸುವ ಕ್ರಮ ಎರಡಕ್ಕೂ ಒಂದೇ.

ಇನ್ನೊಂದು ಮಾತು. ಅಲಗಿನ ಒತ್ತಡಕ್ಕೆ ಬರ್ಫ್ ಕರಗಿ ಜಾರುತ್ತದೆ ಎಂದು ನಾವು ಬಹುಕಾಲ ಪಾಠ ಹೇಳಿದೆವು. ಆದರೆ ಕರಗುವ ಬಿಂದುವನ್ನು ಒಂದು ಡಿಗ್ರಿ ಇಳಿಸಲು ಸುಮಾರು 130 ವಾಯುಭಾರದಷ್ಟು ಒತ್ತಡ ಬೇಕು. ಕೊರೆಯುವ ಚಳಿಯಲ್ಲೂ ಜನ ಸ್ಕೇಟ್ ಮಾಡುವುದನ್ನು ಇದೊಂದರಿಂದಲೇ ವಿವರಿಸಲಾಗದು. ಬರ್ಫಿನ ಮೇಲ್ಪದರದ ಅಣುಗಳೇ ಸಡಿಲವಾಗಿರುತ್ತವೆ. ಘರ್ಷಣೆಯ ಶಾಖವೂ ನೆರವಾಗುತ್ತದೆ.

ನಮ್ಮ ದೇಶದಲ್ಲೂ ದಾರಿ ತೆರೆದಿದೆ. ಗಾಲಿ ಸ್ಕೇಟಿಂಗ್‌ನಲ್ಲಿ ತಮಿಳುನಾಡಿನ ಆನಂದಕುಮಾರ್ ವೇಲ್ಕುಮಾರ್ 2025ರಲ್ಲಿ ಚೀನಾದಲ್ಲಿ 1000 ಮೀಟರ್ ಓಟ ಗೆದ್ದು ವಿಶ್ವ ಚಾಂಪಿಯನ್ ಆದರು. ಬರ್ಫಿನ ಓಟಕ್ಕೆ ಡೆಹ್ರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳಿಗಾಗಿ ಕಟ್ಟಿದ ಒಳಾಂಗಣ ಅಂಗಳವಿದೆ.

ಹಾಗಾದರೆ ಆರಂಭ ಹೇಗೆ? ಮೊದಲು ಹತ್ತಿರದ ಸ್ಕೇಟಿಂಗ್ ಕ್ಲಬ್ಬಿಗೆ ಹೋಗಿ ಒಂದು ಸಂಜೆ ಸುಮ್ಮನೆ ಕುಳಿತು ನೋಡಿ. ತರಬೇತುದಾರರು ಎಲ್ಲ ಮಕ್ಕಳಿಗೂ ಹೆಲ್ಮೆಟ್ ಹಾಕಿಸುತ್ತಾರೆಯೇ? ಹೊಸಬರಿಗೆ ಮೊದಲು ಬೀಳುವುದನ್ನು ಕಲಿಸುತ್ತಾರೆಯೇ? ಕ್ಲಬ್ಬಿಗೆ ರಾಜ್ಯ ಸಂಸ್ಥೆಯ ಮಾನ್ಯತೆ ಇದೆಯೇ? ಇವನ್ನು ಕೇಳಲು ಸಂಕೋಚ ಬೇಡ. ಮೊಣಕಾಲು, ಮೊಣಕೈ, ಮಣಿಕಟ್ಟಿನ ಗಾರ್ಡ್‌ಗಳೂ ಬೇಕು. ಮೊದಲೇ ದುಬಾರಿ ಸ್ಕೇಟ್ ಕೊಳ್ಳಬೇಡಿ. 'ಮುಂದಿನ ವರ್ಷಕ್ಕೂ ಆಗಲಿ' ಎಂದು ದೊಡ್ಡ ಅಳತೆಯದ್ದನ್ನಂತೂ ಕೊಡಿಸಲೇಬೇಡಿ; ಸಡಿಲ ಬೂಟಿನಲ್ಲಿ ಕಾಲು ಉಳುಕುತ್ತದೆ.

ಡಾಂಬರು ರಸ್ತೆ ನುಣುಪಾಗಿದೆಯೆಂದು ಮಕ್ಕಳನ್ನು ಅಲ್ಲಿಗೆ ಬಿಡಬಾರದು. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ. ನಿಲ್ಲಲು ಬೇಕಾದ ದೂರವೂ ಅಷ್ಟೇ ಹೆಚ್ಚುತ್ತದೆ. ಲಾರಿ ಬಂದಾಗ ಆ ದೂರ ಸಿಗುವುದಿಲ್ಲ. ಶಾಲೆಯ ಸಿಮೆಂಟು ಅಂಗಳವೇ ಮೇಲು.

ಆ ಹುಡುಗಿಯ ತಂದೆ ಔರಾದ ಕಡೆಯ ಒಕ್ಕಲಿಗರು. ನನ್ನ ಹತ್ತಿರ ಬಂದು, 'ಬಿದ್ದು ಕೈಕಾಲು ಮುರಕೊಂಡ್ರ ಯಾರು ನೋಡ್ಬೇಕ್ರಿ ಸರ? ಹೆಣ್ಣು ಹುಡುಗಿ' ಎಂದರು. ಅವರ ಅಂಜಿಕೆ ಸುಳ್ಳಲ್ಲ. ಪೆಟ್ಟೇ ಆಗುವುದಿಲ್ಲವೆಂದು ನಾನು ಹೇಳಲಿಲ್ಲ. ಪದಕ ಬರುತ್ತದೆಂದೂ ಹೇಳಲಿಲ್ಲ. 'ಒಂದು ತಿಂಗಳು ನೀವೇ ಕರಕೊಂಡು ಹೋಗಿ, ಕುಂತು ನೋಡ್ರಿ. ಆಮ್ಯಾಲ ಬ್ಯಾಡ ಅನಿಸಿದ್ರ ಬಿಡಿಸ್ರಿ' ಎಂದೆ.

ಈಗ ಪ್ರತಿ ರವಿವಾರ ತಂದೆ-ಮಗಳು ಬಸ್ಸು ಹಿಡಿದು ಬೀದರಿಗೆ ಬರುತ್ತಾರೆ. ಓಟದಲ್ಲಿ ಅವಳು ಇನ್ನೂ ಹಿಂದೆಯೇ. ಮೊನ್ನೆ ಮೊಣಕೈ ತರಚಿಕೊಂಡು ಬಂದವಳನ್ನು ಏನಾಯಿತೆಂದು ಕೇಳಿದೆ.

'ಬಿದ್ದೆ ಸರ' ಎಂದಳು. 'ಆದ್ರ ನಾನಾ ಎದ್ದೆ. ಅಪ್ಪ ಕುಂತಲ್ಲಿಂದ ಏಳಲೇ ಇಲ್ಲ.'